ಇಪ್ಪತ್ತೋ, ಎಪ್ಪತ್ತೋ?

ಕನ್ನಡದ ಸಂಖ್ಯೆಗಳಲ್ಲಿ ಒಂದು ತಮಾಷೆ ಇದೆ. ಇಪ್ಪತ್ತು, ಎಪ್ಪತ್ತು. ಮೂರು, ನೂರು. ಇನ್ನೂರು, ಮುನ್ನೂರು. ಎಂಬತ್ತು, ತೊಂಬತ್ತು. ಪ್ರತಿ ಪದದ ಮೊದಲ ಅಕ್ಷರವನ್ನು ಬೆರಳಿಂದ ಮುಚ್ಚಿಕೊಂಡು ಓದಿ ನೋಡಿ. ಉಳಿಯೋದು ಪ್ಪತ್ತು, ರು, ನ್ನೂರು, ಬತ್ತು. ನಮ್ಮ ಲೆಕ್ಕದ ಜೀವ ಎಲ್ಲಾ ಪದದ ತಲೆಯಲ್ಲೇ ಇದೆ. ಬಾಯಲ್ಲಿ ಹೇಳುವಾಗ ಇದರಿಂದ ಏನೂ ತೊಂದರೆ ಆಗಲ್ಲ, ಯಾಕಂದ್ರೆ ನಾವು ಕನ್ನಡಿಗರು ಮಾತಾಡುವಾಗ ನುಂಗೋದು ಪದದ ಬಾಲವನ್ನ. ‘ಇಪ್ಪತ್ರುಪಾಯ್’ ಅಂದ್ರೂ ಅಂಗಡಿಯವರಿಗೆ ಅರ್ಥ ಆಗತ್ತೆ. ತಲೆ ನುಂಗಿ ಬಾಲ ಮಾತ್ರ ಹೇಳೋ ಮನುಷ್ಯರನ್ನ ನಾನಂತೂ ನೋಡಿಲ್ಲ.

ಯಂತ್ರವನ್ನ ನೋಡಿದ್ದೀನಿ.

ನಾನು ಇದನ್ನೆಲ್ಲ ಯೋಚಿಸೋಕೆ ಶುರು ಮಾಡಿದ್ದು ಭಾಷಾಪ್ರೇಮದಿಂದ ಅಲ್ಲ, ಹೊಟ್ಟೆಪಾಡಿಗೆ. ನನ್ನ ಕೆಲಸ ಆಡಿಯೋ ಕೋಡೆಕ್‌ಗಳಿಗೆ ಡ್ರೈವರ್ ಬರೆಯೋದು. ಕೋಡೆಕ್ ಅಂದ ತಕ್ಷಣ ಗೆಳೆಯರು ‘ಓ, ಎಂಪಿ3 ಥರಾನಾ?’ ಅಂತಾರೆ. ಅಲ್ಲ. ಇಬ್ಬರ ಹೆಸರು ಒಂದೇ, ಮನೆತನ ಬೇರೆ. ನಾನು ಹೇಳ್ತಿರೋದು ಕಿರುಬೆರಳಿನ ಉಗುರಿನಷ್ಟಿರೋ ಒಂದು ಚಿಪ್ ಬಗ್ಗೆ. ಪ್ರೊಸೆಸರ್‌ಗೆ ಗೊತ್ತಿರೋದು ಸಂಖ್ಯೆ ಮಾತ್ರ, ಸ್ಪೀಕರ್‌ಗೆ ಗೊತ್ತಿರೋದು ಏರಿಳಿಯೋ ವೋಲ್ಟೇಜ್ ಮಾತ್ರ. ಇಬ್ಬರ ಮಧ್ಯೆ ನಿಂತು ಒಬ್ಬರ ಭಾಷೆಯನ್ನ ಇನ್ನೊಬ್ಬರಿಗೆ ಹೇಳೋದು ಈ ಚಿಪ್ಪಿನ ಕೆಲಸ. ಮೈಕ್ ಇದ್ದರೆ ಆ ಕಡೆಯಿಂದ ಈ ಕಡೆಗೂ.

ಈ ಚಿಪ್ಪಿಗೆ ಎರಡು ದಾರಿಯಲ್ಲಿ ಮಾತು ಹೋಗತ್ತೆ. ಒಂದು ನಿಧಾನದ ದಾರಿ, ಐ-ಟು-ಸಿ. ‘ವಾಲ್ಯೂಮ್ ಇಷ್ಟಿಡು, ಮ್ಯೂಟ್ ತೆಗಿ’ ಅನ್ನೋ ಆಜ್ಞೆಗಳು ಹೋಗೋದು ಇದರಲ್ಲಿ. ಇನ್ನೊಂದು ಐ-ಟು-ಎಸ್. ಅದರಲ್ಲಿ ಹರಿಯೋದು ಧ್ವನಿ. 48 ಕಿಲೋಹರ್ಟ್ಸ್‌ನ ಸ್ಟೀರಿಯೋ, 16 ಬಿಟ್ ಅಂದ್ರೆ ಸೆಕೆಂಡಿಗೆ 15,36,000 ಬಿಟ್. ಒಂದೊಂದು ಬಿಟ್ ಹೋಗೋದೂ ಒಂದು ಗಡಿಯಾರದ ಟಿಕ್‌ಗೆ ಸರಿಯಾಗಿ. ಈ ಗಡಿಯಾರವನ್ನ ಯಾರು ಕೊಡಬೇಕು, ಪ್ರೊಸೆಸರ್ರೋ ಕೋಡೆಕ್ಕೋ ಅನ್ನೋದನ್ನ ಮೊದಲೇ ತೀರ್ಮಾನ ಮಾಡ್ಕೋಬೇಕು. ಹಿಂದೆ ಕೊಡೋರನ್ನ ಯಜಮಾನ, ತಗೊಳ್ಳೋರನ್ನ ಗುಲಾಮ ಅಂತಿದ್ರು. ಈಗ ಲಿನಕ್ಸ್ ಕರ್ನಲ್‌ನಲ್ಲಿ ಆ ಪದಗಳ ಜಾಗಕ್ಕೆ ಪೂರೈಸೋನು, ಬಳಸೋನು ಅನ್ನೋ ಅರ್ಥದ ಪದಗಳು ಬಂದಿವೆ. ಒಳ್ಳೇದೇ ಆಯ್ತು. ಗಡಿಯಾರದ ಈ ವಿಷಯ ನೆನಪಿಟ್ಟಿರಿ, ಮುಂದೆ ಬೇಕಾಗತ್ತೆ.

ಒಂದು ಕಾಲದಲ್ಲಿ ಲಿನಕ್ಸ್‌ನಲ್ಲಿ ಕೋಡೆಕ್ ಡ್ರೈವರ್‌ಗಳನ್ನ ಒಂದೊಂದು ಪ್ರೊಸೆಸರ್‌ಗೆ ಅಂಟಿಸಿಯೇ ಬರೀತಿದ್ರು. ಎಡಿನ್‌ಬರೋದ ವೋಲ್ಫ್‌ಸನ್ ಕಂಪನಿಯ ಡಬ್ಲ್ಯುಎಂ8731 ಅನ್ನೋ ಒಂದೇ ಚಿಪ್ಪಿಗೆ ನಾಲ್ಕು ಪ್ರೊಸೆಸರ್‌ಗಳಿಗಾಗಿ ನಾಲ್ಕು ಬೇರೆ ಬೇರೆ ಡ್ರೈವರ್ ಇದ್ದವು ಅಂತ ಕರ್ನಲ್‌ನ ದಾಖಲೆಯಲ್ಲೇ ಬರೆದಿದ್ದಾರೆ. (ಆ ವೋಲ್ಫ್‌ಸನ್ ಈಗಿಲ್ಲ, 2014ರಲ್ಲಿ ಸಿರಸ್ ಲಾಜಿಕ್ ಅದನ್ನ ಕೊಂಡುಕೊಂಡಿತು.) ಈ ಗೋಜಲು ಬಿಡಿಸೋಕೆ ಬಂದದ್ದು ‘ಎಎಸ್‌ಒಸಿ’ ಅನ್ನೋ ವ್ಯವಸ್ಥೆ. ಅದರಲ್ಲಿ ಡ್ರೈವರ್ ಮೂರು ಪಾಲು. ಕೋಡೆಕ್‌ನದು ಒಂದು, ಪ್ರೊಸೆಸರ್‌ನದು ಒಂದು, ಇಬ್ಬರನ್ನೂ ಈ ಬೋರ್ಡಿನ ಮೇಲೆ ಕೂಡಿಸೋದು ಇನ್ನೊಂದು. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಮದುವೆ ಮಾಡಿಸೋರು ಅಂದ್ಕೊಳ್ಳಿ. ಜಗಳ ಶುರುವಾಗೋದು ಯಾವಾಗಲೂ ಮೂರನೇ ಪಾಲಿನಲ್ಲಿ.

ಇಷ್ಟೆಲ್ಲಾ ಓದಿದ ಮೇಲೆ ನಿಮಗೆ ಅನ್ನಿಸಬಹುದು, ಸದ್ದು ಬರಿಸೋದೇ ಕಷ್ಟ ಅಂತ. ಸದ್ದು ಬರಿಸೋದು ಒಂದು ವಾರದ ಕೆಲಸ. ಬೇಡದ ಸದ್ದು ಬರದ ಹಾಗೆ ಮಾಡೋಕೆ ತಿಂಗಳುಗಟ್ಟಲೆ ಬೇಕು. ಚಿಪ್ಪಿನ ಒಳಗೆ ಮೌನ ಅಂದ್ರೆ ಸೊನ್ನೆ ವೋಲ್ಟ್ ಅಲ್ಲ. 3.3 ವೋಲ್ಟ್ ಕೊಟ್ಟಿದ್ರೆ ಅದರ ಅರ್ಧ, 1.65, ಅದೇ ಅಲ್ಲಿನ ಮೌನ. ಧ್ವನಿ ಅದರ ಮೇಲಕ್ಕೂ ಕೆಳಕ್ಕೂ ಆಡತ್ತೆ. ಚಿಪ್ ಎದ್ದಾಗ ಸೊನ್ನೆಯಿಂದ ಆ ಅರ್ಧಕ್ಕೆ ಏರಬೇಕು, ಒಂದು ಕೆಪಾಸಿಟರ್ ತುಂಬಬೇಕು. ಅಷ್ಟರಲ್ಲಿ ಆಂಪ್ಲಿಫೈಯರ್ ಎದ್ದು ಕೂತಿದ್ರೆ ಆ ಏರಿಕೆಯನ್ನೇ ಸಂಗೀತ ಅಂದ್ಕೊಂಡು ಸ್ಪೀಕರ್‌ಗೆ ತಳ್ಳತ್ತೆ. ಆಗ ಬರೋದೇ ‘ಟಪ್’ ಅನ್ನೋ ಸದ್ದು. ಹಳೇ ಕಾಲದ ಆಂಪ್ಲಿಫೈಯರ್ ಆನ್ ಮಾಡಿದಾಗ ಬರ್ತಿತ್ತಲ್ಲ, ಅದೇ. ಅದಕ್ಕೇ ಎಬ್ಬಿಸೋದಕ್ಕೊಂದು ಕ್ರಮ ಇದೆ. ಮೊದಲು ಮೌನದ ಮಟ್ಟ, ಆಮೇಲೆ ಸಂಖ್ಯೆಯನ್ನ ವೋಲ್ಟೇಜ್ ಮಾಡೋ ಡಿಎಸಿ, ಎಲ್ಲಕ್ಕಿಂತ ಕೊನೆಗೆ ಆಂಪ್ಲಿಫೈಯರ್. ಮಲಗಿಸುವಾಗ ಇದರ ತಿರುಗು ಮುರುಗು, ಕೊನೆಗೆ ಎದ್ದೋನು ಮೊದಲು ಮಲಗಬೇಕು.

ಈಗ ಪೆಟ್ಟಿಗೆಯ ಕಥೆಗೆ ಬರ್ತೀನಿ.

ಯುಪಿಐ 2016ರಲ್ಲಿ ಬಂತು. ಆಮೇಲೆ ಅಂಗಡಿ ಅಂಗಡಿಯಲ್ಲಿ ಮಾತಾಡೋ ಪೆಟ್ಟಿಗೆಗಳೂ ಬಂದವು. ಸ್ಕ್ಯಾನ್ ಮಾಡಿ ದುಡ್ಡು ಕಳಿಸಿದ್ರೆ ‘ಇಷ್ಟು ರೂಪಾಯಿ ಬಂದಿದೆ’ ಅಂತ ಕೂಗತ್ತಲ್ಲ, ಅದು. ಅಂಥದ್ದೊಂದು ಪೆಟ್ಟಿಗೆ ಮಾಡ್ತಿದ್ದ ಒಂದು ಕಂಪನಿಯ ಕೆಲಸ ನಮ್ಮ ಕೈಗೆ ಬಂತು. ಒಳಗೆ ಲಿನಕ್ಸ್, ಒಂದು ಕೋಡೆಕ್, ಒಂದು ಆಂಪ್ಲಿಫೈಯರ್, ಬ್ಯಾಟರಿ. ಡ್ರೈವರ್ ಬರೆದಿದ್ದ ಎಂಜಿನಿಯರ್ ಆಗಲೇ ಕೆಲಸ ಬಿಟ್ಟು ಹೊರದೇಶಕ್ಕೆ ಹೋಗಿದ್ದರು. ಬೆಂಗಳೂರಿನ ಕೆಲವು ಅಂಗಡಿಗಳಲ್ಲಿ ಪೆಟ್ಟಿಗೆಯನ್ನ ಇಟ್ಟು ನೋಡ್ತಿದ್ರು. ನನಗೆ ಒಪ್ಪಿಸಿದ್ದು ಬ್ಯಾಟರಿ ಬೇಗ ಖಾಲಿಯಾಗತ್ತೆ ಅನ್ನೋ ದೂರು. ಅದನ್ನ ಹುಡುಕೋವಾಗ ಹಳೇ ಟಿಕೆಟ್‌ಗಳನ್ನೆಲ್ಲ ಒಂದು ಸಲ ಓದಿದೆ. ಮುಚ್ಚಿದ ಟಿಕೆಟ್ ಓದೋದು ನನ್ನ ಚಟ. ಉತ್ತರ ಅರ್ಧಪಾಲು ಅಲ್ಲೇ ಬಿದ್ದಿರತ್ತೆ.

ಒಂದು ಟಿಕೆಟ್ ಹೀಗಿತ್ತು. ಶ್ರೀನಗರದ ಕಡೆಯ ಒಂದು ಕಾಂಡಿಮೆಂಟ್ಸ್ ಅಂಗಡಿ. ರಾತ್ರಿ ಲೆಕ್ಕಕ್ಕೆ ಐವತ್ತೈವತ್ತು ರೂಪಾಯಿ ಕಮ್ಮಿ ಬೀಳ್ತಿದೆ ಅಂತ ಯಜಮಾನರ ದೂರು. ಅದರ ಕೆಳಗೆ ಫೀಲ್ಡ್‌ನವರು ಇಂಗ್ಲಿಷಿನಲ್ಲಿ ಬರೆದಿದ್ದರ ಸಾರ ಇಷ್ಟು: ‘ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮೊದಲ ಸಲ ನುಂಗತ್ತೆ, ರಿಪೀಟ್ ಬಟನ್ ಒತ್ತಿದ್ರೆ ಸರಿಯಾಗಿ ಹೇಳತ್ತೆ, ಬೆಳಗ್ಗೆ ರಷ್‌ನಲ್ಲಿ ಸರಿಯಿರತ್ತೆ, ಮಧ್ಯಾಹ್ನ ನುಂಗತ್ತೆ ಎಂದು ಅಂಗಡಿಯ ಹುಡುಗ ಹೇಳುತ್ತಾನೆ. ಐದು ಸಲ ಒಂದೊಂದು ರೂಪಾಯಿ ಕಳಿಸಿ ಪರೀಕ್ಷಿಸಲಾಯಿತು. ಸಮಸ್ಯೆ ಕಂಡುಬರಲಿಲ್ಲ. ಬಳಕೆದಾರರ ಗೊಂದಲ.’ ಟಿಕೆಟ್ ಬಂದ್.

ಇಷ್ಟು ವರ್ಷದ ಕೆಲಸದಲ್ಲಿ ಇದಕ್ಕಿಂತ ಒಳ್ಳೇ ಬಗ್ ರಿಪೋರ್ಟ್ ನಾನು ಓದಿಲ್ಲ. ಯಾವಾಗ ಆಗತ್ತೆ, ಯಾವಾಗ ಆಗಲ್ಲ, ಏನು ಮಾಡಿದ್ರೆ ಸರಿಹೋಗತ್ತೆ, ಮೂರೂ ಇವೆ. ಇಂಥದ್ದೊಂದು ವಾಕ್ಯ ಬರೆಸೋಕೆ ನಾವು ದೊಡ್ಡ ದೊಡ್ಡ ಕ್ಯೂಎ ಟೀಮ್‌ಗಳ ಜೊತೆ ಗಂಟೆಗಟ್ಟಲೆ ಕಾಲ್‌ನಲ್ಲಿ ಕೂರ್ತೀವಿ.

ಹುಡುಗ ಹೇಳಿದ್ದು ನನಗೆ ತಕ್ಷಣ ನಾಟೋಕೂ ಕಾರಣ ಇದೆ. ಎಎಸ್‌ಒಸಿಯಲ್ಲಿ ಒಂದು ಸಂಖ್ಯೆ ಇದೆ, 5000. ಹಾಡು ನಿಂತ ಮೇಲೆ ಕೋಡೆಕ್ ಭಾಗಗಳನ್ನ ಕೂಡಲೇ ಮಲಗಿಸಬೇಡ, 5000 ಮಿಲಿಸೆಕೆಂಡ್, ಅಂದ್ರೆ ಐದು ಸೆಕೆಂಡ್ ಕಾಯಿ ಅಂತ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗೋವಾಗ ಪ್ರತಿಸಲ ಮಲಗಿ ಏಳೋದು ಬೇಡ ಅನ್ನೋ ಜಾಣತನ. ಈಗ ಹುಡುಗನ ಮಾತನ್ನ ಇದರ ಪಕ್ಕ ಇಟ್ಟು ನೋಡಿ. ಬೆಳಗ್ಗೆ ರಷ್ ಇದ್ದಾಗ ಐದು ಸೆಕೆಂಡಿನ ಒಳಗೇ ಮುಂದಿನ ಗಿರಾಕಿಯ ದುಡ್ಡು ಬರತ್ತೆ, ಚಿಪ್ ಮಲಗೋದೇ ಇಲ್ಲ. ಮಧ್ಯಾಹ್ನ ಹತ್ತು ನಿಮಿಷಕ್ಕೊಬ್ಬರು, ಪ್ರತಿಸಲ ನಿದ್ದೆಯಿಂದ ಎದ್ದು ಮಾತಾಡಬೇಕು. ರಿಪೀಟ್ ಬಟನ್ ಒತ್ತೋ ಹೊತ್ತಿಗೆ ಅದು ಎಚ್ಚರ ಆಗಿರತ್ತೆ. ಫೀಲ್ಡ್‌ನವರು ಐದು ಸಲ ಒಂದರ ಹಿಂದೊಂದು ಕಳಿಸಿದ್ರಲ್ಲ, ಮೊದಲನೆಯದು ‘…ದು ರೂಪಾಯಿ’ ಅಂದಿರತ್ತೆ. ಆದರೆ ಒಂದು ರೂಪಾಯಿ ಕಳಿಸಿದ ಕಿವಿಗೆ ಒಂದು ಅಂತಲೇ ಕೇಳಿಸತ್ತೆ. ಕಿವಿ ಬಿಟ್ಟ ಜಾಗವನ್ನ ತಾನೇ ತುಂಬ್ಕೊಳ್ಳತ್ತೆ. ಎಷ್ಟು ಬರತ್ತೆ ಅಂತ ಗೊತ್ತಿಲ್ಲದೆ ಕೇಳಿಸ್ಕೊಳ್ಳೋನು ಅಂಗಡಿಯಲ್ಲಿ ನಿಂತೋನು ಮಾತ್ರ.

ಆಫೀಸಿನಲ್ಲಿ ಯಾಕೆ ಯಾರಿಗೂ ಗೊತ್ತಾಗಲಿಲ್ಲ ಅನ್ನೋದಕ್ಕೆ ಇನ್ನೂ ಚೆಂದದ ಕಾರಣ ಇತ್ತು. ಅಲ್ಲಿ ಎಲ್ಲರೂ ಪರೀಕ್ಷೆ ಮಾಡ್ತಿದ್ದದ್ದು ಇಂಗ್ಲಿಷಿನಲ್ಲಿ. ‘ರಿಸೀವ್ಡ್ ರುಪೀಸ್ ಟ್ವೆಂಟಿ’. ನುಂಗಿದ್ರೂ ‘ರಿಸೀವ್ಡ್’ ಹೋಗತ್ತೆ, ದುಡ್ಡು ಉಳಿಯತ್ತೆ. ಕನ್ನಡದಲ್ಲಿ ‘ಇಪ್ಪತ್ತು ರೂಪಾಯಿ ಬಂದಿದೆ’. ಸಂಖ್ಯೆ ಮುಂದೆ, ಅದರಲ್ಲೂ ಸಂಖ್ಯೆಯ ಜೀವ ಮೊದಲ ಅಕ್ಷರದಲ್ಲಿ. ಮೊದಲು ಒಂದು ‘ಟಿಂಗ್’ ಬರ್ತಿತ್ತಂತೆ, ಸಂದೇಶ ಚಿಕ್ಕದಾಗಲಿ ಅಂತ ಪ್ರಾಡಕ್ಟ್‌ನವರು ಅದನ್ನೂ ತೆಗೆಸಿದ್ರು. ಆ ಟಿಂಗ್ ಇದ್ದಿದ್ರೆ ಏಟು ಅದಕ್ಕೆ ಬೀಳ್ತಿತ್ತು.

ಒಂದು ಪೆಟ್ಟಿಗೆಯನ್ನ ಮೇಜಿನ ಮೇಲಿಟ್ಟು, ಎದುರಿಗೆ ಮೈಕ್ ಇಟ್ಟು, ಕನ್ನಡದಲ್ಲಿ ‘ಇಪ್ಪತ್ತು’ ಹೇಳಿಸಿದೆ. ಒಂದು ನಿಮಿಷ ಬಿಟ್ಟು ಮತ್ತೆ. ರೆಕಾರ್ಡಿಂಗ್‌ನ ಚಿತ್ರ ನೋಡಿದ್ರೆ ಅಕ್ಷರ ಕತ್ತರಿಸಿದ ಹಾಗಿರಲಿಲ್ಲ. ಚೂಪಾದ ಮೊನೆಯಿಂದ ಶುರುವಾಗಿ ಅಗಲ ಆಗ್ತಾ ಹೋಗೋ ಆಕಾರ. ಯಾರೋ ವಾಲ್ಯೂಮನ್ನ ಮೆಲ್ಲಗೆ ಏರಿಸ್ತಿದ್ದಾರೆ! ಉದ್ದ ಸುಮಾರು ಅರ್ಧ ಸೆಕೆಂಡ್. ಆಂಪ್ಲಿಫೈಯರ್ ಏಳೋಕೆ ಅಷ್ಟು ಹೊತ್ತು ಬೇಕಿಲ್ಲ.

ಡ್ರೈವರ್ ತೆಗೆದು ನೋಡಿದೆ. ಡಿಎಸಿ ಎದ್ದಾಗಲೆಲ್ಲ ಮ್ಯೂಟ್ ತೆಗೆಯೋ ಒಂದು ಸಾಲು, ಅದರ ಪಕ್ಕ ‘ನಿಧಾನ’ ಅನ್ನೋ ಒಂದು ಬಿಟ್, ಮೇಲೆ ಒಂದು ಕಾಮೆಂಟು: ‘ಟಪ್ ಬರುತ್ತದೆ, ಇದನ್ನು ಮುಟ್ಟಬೇಡಿ.’ ಚಿಪ್ಪಿನಲ್ಲಿ ಮ್ಯೂಟ್ ತೆಗೆದಾಗ ವಾಲ್ಯೂಮ್ ಒಮ್ಮೆಲೇ ಜಿಗಿಯದೆ 256 ಮೆಟ್ಟಿಲು ಹತ್ತಿಕೊಂಡು ಬರತ್ತೆ. ವೇಗದ ಆಯ್ಕೆಯಲ್ಲಿ ಎರಡು ಸ್ಯಾಂಪಲ್‌ಗೆ ಒಂದು ಮೆಟ್ಟಿಲು, ನಿಧಾನದ್ದರಲ್ಲಿ 32 ಸ್ಯಾಂಪಲ್‌ಗೆ ಒಂದು. ಡೇಟಾಶೀಟ್ ಪ್ರಕಾರ ನಿಧಾನ ಅಂದ್ರೆ 171 ಮಿಲಿಸೆಕೆಂಡ್. ಅದೂ ಹೆಚ್ಚೇನಲ್ಲ. ಆದರೆ ಡೇಟಾಶೀಟ್‌ನವರು ಲೆಕ್ಕ ಹಾಕಿದ್ದು 48 ಕಿಲೋಹರ್ಟ್ಸ್‌ಗೆ. ಅದೇ ಸಾಲಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗಂತ ಹೇಳಿಯೂ ಇದ್ದಾರೆ. ನಮ್ಮ ಪೆಟ್ಟಿಗೆಯಲ್ಲಿ ಇರೋದು ಬರೀ ಮಾತು, ಜಾಗ ಉಳಿಸೋಕೆ ಧ್ವನಿಯ ಫೈಲುಗಳೆಲ್ಲ 16 ಕಿಲೋಹರ್ಟ್ಸ್. ಮೆಟ್ಟಿಲು ಎಣಿಸೋದು ಕೈಗಡಿಯಾರದಲ್ಲಿ ಅಲ್ಲ, ಸ್ಯಾಂಪಲ್‌ನಲ್ಲಿ. ಸ್ಯಾಂಪಲ್ ಮೂರು ಪಟ್ಟು ನಿಧಾನ ಬಂದ್ರೆ ಮೆಟ್ಟಿಲು ಹತ್ತೋದೂ ಮೂರು ಪಟ್ಟು ನಿಧಾನ. 256 ಸಲ 32, ಭಾಗಿಸು 16,000. 512 ಮಿಲಿಸೆಕೆಂಡ್.

ಒಂದೊಂದು ಮೆಟ್ಟಿಲೂ ಅರ್ಧ ಡೆಸಿಬೆಲ್. ಹಾಗಾಗಿ ಮುಕ್ಕಾಲು ದಾರಿ ಬಂದ ಮೇಲೂ ಧ್ವನಿ ಇನ್ನೂ 32 ಡೆಸಿಬೆಲ್ ಕೆಳಗೇ ಇರತ್ತೆ. ಬಸ್ ಓಡಾಡೋ ರಸ್ತೆಯ ಅಂಗಡಿಯಲ್ಲಿ ಅದು ಇದ್ದೂ ಇಲ್ಲದ ಹಾಗೆ. ಧ್ವನಿ ಕೊಟ್ಟವರ ಫೈಲಿನಲ್ಲಿ ಮಾತಿಗೆ ಮುಂಚೆ ಒಂದಿಷ್ಟು ಖಾಲಿ ಜಾಗ ಇತ್ತು, ಅದಿಲ್ಲದಿದ್ರೆ ‘ಪ್ಪತ್ತು’ ಕೂಡ ಉಳೀತಿರಲಿಲ್ಲ.

ಹೊರದೇಶದಲ್ಲಿದ್ದ ಆ ಎಂಜಿನಿಯರ್‌ಗೆ ಮೆಸೇಜ್ ಮಾಡಿದೆ. ಪಾಪ, ಅರ್ಧ ಗಂಟೆಯಲ್ಲಿ ಉತ್ತರ ಬಂತು. ಅವರು ಬರೆದಾಗ ಬೋರ್ಡ್ ಬೇರೆ, ಪರೀಕ್ಷೆಗೆ ಹಾಕ್ತಿದ್ದದ್ದು 48 ಕಿಲೋಹರ್ಟ್ಸ್ ಹಾಡು, ಡೆಮೋದಲ್ಲಿ ಟಪ್ ಅಂತ ಸದ್ದು ಬಂದು ದೊಡ್ಡವರೊಬ್ಬರು ಮುಖ ಗಂಟು ಹಾಕಿದ್ರಂತೆ. ಅವತ್ತಿಗೆ ಅವರು ಮಾಡಿದ್ದು ಸರಿಯಾಗೇ ಇತ್ತು. ಫೈಲುಗಳನ್ನ 16ಕ್ಕೆ ಇಳಿಸಿದೋರು ಬೇರೆ ಟೀಮ್. ಅವರೂ ಡ್ರೈವರ್ ನೋಡಬೇಕಾದ ಕಾರಣ ಇರಲಿಲ್ಲ. ಯಾರ ತಲೆಗೆ ಕಟ್ಟೋಣ ಅಂತ ಹುಡುಕಿದ್ರೆ ಯಾರೂ ಸಿಗಲ್ಲ. ಆದರೆ ಅಂಗಡಿಯಲ್ಲಿ ಒಬ್ಬನ ತಲೆಗೆ ಆಗಲೇ ಕಟ್ಟಿಯಾಗಿತ್ತು, ಅದು ನನಗೆ ಆಮೇಲೆ ಗೊತ್ತಾಯ್ತು.

ಸರಿ ಮಾಡೋದು ಹೇಗೆ? ಆ್ಯಪ್ ಟೀಮ್‌ನವರು ‘ಎಲ್ಲಾ ಫೈಲಿನ ತಲೆಗೂ ಅರ್ಧ ಸೆಕೆಂಡ್ ಮೌನ ಸೇರಿಸಿಬಿಡೋಣ, ಸಂಜೆಯೊಳಗೆ ಮುಗಿಯತ್ತೆ’ ಅಂದ್ರು. ಮುಗೀತಿತ್ತು. ಆದರೆ ಅದು ಸೋರೋ ಸೂರಿನ ಕೆಳಗೆ ಬಕೆಟ್ ಇಟ್ಟ ಹಾಗೆ. ನಾಳೆ ಇನ್ಯಾರೋ 8 ಕಿಲೋಹರ್ಟ್ಸ್ ಫೈಲ್ ಹಾಕಿದ್ರೆ ಒಂದು ಸೆಕೆಂಡ್ ಬೇಕಾಗತ್ತೆ. ಚಿಪ್ಪನ್ನ ಮಲಗಿಸೋದೇ ಬೇಡ ಅಂದ್ರೆ ಬ್ಯಾಟರಿ ದೂರು ಹೆಚ್ಚಾಗತ್ತೆ, ನಾನು ಬಂದಿದ್ದೇ ಆ ದೂರಿಗೆ.

ವೇಗದ ಆಯ್ಕೆಗೆ ಬದಲಾಯಿಸಿದೆ. 512 ಇದ್ದದ್ದು 32 ಮಿಲಿಸೆಕೆಂಡ್ ಆಯ್ತು. ಇಪ್ಪತ್ತಿನ ‘ಇ’ ಮರಳಿ ಬಂತು, ಜೊತೆಗೆ ಟಪ್ ಕೂಡ ಬಂತು. ಕಾಮೆಂಟು ಸುಳ್ಳಾಗಿರಲಿಲ್ಲ. ಟಪ್ ಬರೋದು ಆಂಪ್ಲಿಫೈಯರ್ ಬೇಗ ಏಳೋದ್ರಿಂದ, ಸರಿ, ಮೆಟ್ಟಿಲು ಹತ್ತಿ ಮುಗಿಯೋವರೆಗೆ ಅದನ್ನ ಮಲಗಿಸಿಡೋಣ ಅಂತ ಡ್ರೈವರ್‌ನಲ್ಲಿ ಸ್ವಲ್ಪ ಹೊತ್ತು ಕಾಯಿಸಿದೆ. ಏನೂ ಬದಲಾಗಲಿಲ್ಲ. ಕಾಯೋ ಹೊತ್ತನ್ನ ಎರಡರಷ್ಟು ಮಾಡಿದೆ, ಆಗಲೂ ಇಲ್ಲ. ಇಲ್ಲೇ ಆ ಗಡಿಯಾರದ ವಿಷಯ ಬರೋದು. ಮೆಟ್ಟಿಲು ಹತ್ತೋದು ಸ್ಯಾಂಪಲ್ ಎಣಿಸಿಕೊಂಡು. ಸ್ಯಾಂಪಲ್ ಎಣಿಸೋಕೆ ಗಡಿಯಾರ ಓಡ್ತಿರಬೇಕು. ನಮ್ಮ ಬೋರ್ಡಿನಲ್ಲಿ ಗಡಿಯಾರ ಕೊಡ್ತಿದ್ದದ್ದು ಪ್ರೊಸೆಸರ್, ಅದು ಕೊಡೋಕೆ ಶುರು ಮಾಡೋದು ಮೊದಲ ಸ್ಯಾಂಪಲ್ ಕಳಿಸೋ ಕ್ಷಣದಲ್ಲಿ. ಅಲ್ಲಿಯವರೆಗೆ ನಾನು ಎಷ್ಟು ಕಾದ್ರೂ ಕೋಡೆಕ್ ಮೊದಲ ಮೆಟ್ಟಿಲಲ್ಲೇ ನಿಂತಿರತ್ತೆ. ಲಿಫ್ಟ್‌ನಲ್ಲಿ ನಿಂತಿದ್ದೀವಿ, ಬಟನ್ ಒತ್ತಿಲ್ಲ, ಯಾಕೆ ಹೋಗ್ತಿಲ್ಲ ಅಂತ ಕಾಯ್ತಿದ್ದೀವಿ.

ಗಡಿಯಾರ ಕೊಡೋ ಕೆಲಸವನ್ನ ಕೋಡೆಕ್‌ಗೇ ಒಪ್ಪಿಸಿದೆ. ಬೋರ್ಡಿನಲ್ಲಿ ಅದಕ್ಕೆ ಬೇರೆಯೇ ಕ್ರಿಸ್ಟಲ್ ಇತ್ತು, ಹಾರ್ಡ್‌ವೇರ್‌ನವರ ಪುಣ್ಯ. ಈಗ ಡಿಎಸಿ ಎದ್ದ ಕೂಡಲೇ ಗಡಿಯಾರ ಓಡತ್ತೆ, ಖಾಲಿ ಮೌನದಲ್ಲೇ 256 ಮೆಟ್ಟಿಲು ಹತ್ತಿ ಮುಗಿಸತ್ತೆ, ಆಮೇಲೆ ಆಂಪ್ಲಿಫೈಯರ್ ಏಳತ್ತೆ, ಅದು ಸುಧಾರಿಸಿಕೊಂಡ ಮೇಲೆ ಮೊದಲ ಸ್ಯಾಂಪಲ್. ಕೋಡ್‌ನಲ್ಲಿ ಬದಲಾದದ್ದು ಇಪ್ಪತ್ತು ಸಾಲು ಕೂಡ ಇಲ್ಲ. (ಇಪ್ಪತ್ತೇ, ಎಪ್ಪತ್ತಲ್ಲ.) ಆ ಹಳೇ ಕಾಮೆಂಟನ್ನ ಅಳಿಸಲಿಲ್ಲ, ಅದರ ಕೆಳಗೆ 48 ಮತ್ತು 16ರ ಲೆಕ್ಕವನ್ನ ಪೂರ್ತಿ ಬರೆದಿಟ್ಟೆ.

ಹೊಸ ಫರ್ಮ್‌ವೇರ್ ಹಾಕಿದ ಪೆಟ್ಟಿಗೆ ತಗೊಂಡು ಆ ಕಾಂಡಿಮೆಂಟ್ಸ್‌ಗೆ ನಾನೇ ಹೋದೆ. ಅದು ನನ್ನ ಕೆಲಸ ಅಲ್ಲ, ಆದರೂ ರಿಪೋರ್ಟ್ ಬರೆಸಿದ ಹುಡುಗನನ್ನ ನೋಡಬೇಕಿತ್ತು. ಹುಡುಗ ಇರಲಿಲ್ಲ. ಯಜಮಾನರು ಐವತ್ತೈದು ದಾಟಿದವರು, ಕೋಡುಬಳೆ ತೂಗ್ತಾ ತಲೆ ಎತ್ತದೆ ಹೇಳಿದ್ರು. ‘ಬಿಡ್ಸಿದೆ ಸಾರ್ ಅವನನ್ನ. ಎಪ್ಪತ್ತು ಬರ್ಬೇಕಾದ ಕಡೆ ಫೋನಲ್ಲಿ ಇಪ್ಪತ್ತು ತೋರ್ಸತ್ತೆ. ಕೇಳಿದ್ರೆ ಪೆಟ್ಗೆ ಎಪ್ಪತ್ತು ಅಂತು ಅಂತಾನೆ. ನಿಮ್ಮೋರೇ ಬಂದು ನೋಡಿ ಪೆಟ್ಗೆ ಸರಿಯಾಗಿದೆ ಅಂದ್ರು. ಯಾರನ್ನ ನಂಬ್ಲಿ? ಫ್ರೆಂಡ್ಸ್‌ಗೆಲ್ಲ ಕಮ್ಮಿ ರೇಟಿಗೆ ಕೊಟ್ಟಿರ್ತಾನೆ ಅಂದ್ಕೊಂಡೆ.’

ಗಿರಾಕಿಗಳಲ್ಲಿ ಕೆಲವರಿಗೆ ಗದ್ದಲದಲ್ಲಿ ಎಪ್ಪತ್ತು ಅಂದದ್ದು ಇಪ್ಪತ್ತು ಅಂತ ಕೇಳಿಸಿರಬಹುದು. ಕೆಲವರು ಬೇಕಂತಲೇ ಕಮ್ಮಿ ಹಾಕಿರಬಹುದು. ಹುಡುಗನ ಕಿವಿಗೆ ಬಿದ್ದದ್ದು ‘ಪ್ಪತ್ತು ರೂಪಾಯಿ ಬಂದಿದೆ’. ಎಪ್ಪತ್ತಕ್ಕೆ ಕಾಯ್ತಿದ್ದೋನಿಗೆ ಎಪ್ಪತ್ತೇ ಕೇಳಿಸತ್ತೆ. ನಾನು ಹಳೇ ಪೆಟ್ಟಿಗೆಯಲ್ಲೇ ಇಪ್ಪತ್ತು ರೂಪಾಯಿ ಹಾಕಿ ಕೇಳಿಸಿದೆ. ಒಂದು ನಿಮಿಷ ಬಿಟ್ಟು ಎಪ್ಪತ್ತು. ಯಜಮಾನರಿಗೆ ಬೆನ್ನು ತಿರುಗಿಸಿ ನಿಲ್ಲೋಕೆ ಹೇಳಿ ಯಾವುದು ಎಷ್ಟು ಅಂತ ಕೇಳಿದೆ. ಅವರು ಎರಡು ಸಲ ತಪ್ಪು ಹೇಳಿದ್ರು. ಮೂರನೇ ಸಲ ಏನೂ ಹೇಳದೆ ತಕ್ಕಡಿ ಕೆಳಗಿಟ್ಟು, ಕೈ ಒರೆಸಿಕೊಂಡು, ಫೋನ್ ತೆಗೆದು ಒಂದು ನಂಬರ್ ಒತ್ತಿದ್ರು. ರಿಂಗ್ ಆಗೋವಾಗಲೇ ನನ್ನ ಕೈಗೆ ಕೊಟ್ಟು ‘ನೀವೇ ಹೇಳಿ ಸಾರ್, ನಂಗೆ ಹೇಳಕ್ಕಾಗಲ್ಲ’ ಅಂದ್ರು.

ನಾನು ಯಾರು, ಎಲ್ಲಿಂದ ಮಾತಾಡ್ತಿದ್ದೀನಿ ಅಂತ ಹೇಳಿ, ‘ನೀನು ಹೇಳಿದ್ದೇ ಸರಿಯಪ್ಪ, ಪೆಟ್ಟಿಗೆ ನುಂಗ್ತಿತ್ತು’ ಅಂದೆ.

‘ನಂಗೊತ್ತಿತ್ತಲ್ಲ ಸಾರ್’ ಅಂದ. ಹಿಂದೆ ಮಿಕ್ಸಿ ಓಡೋ ಸದ್ದು. ಈಗ ಒಂದು ಜ್ಯೂಸ್ ಅಂಗಡಿಯಲ್ಲಿ ಇದ್ದಾನಂತೆ. ಯಜಮಾನರು ಪಕ್ಕದಲ್ಲಿದ್ದಾರೆ, ಕೊಡಲಾ ಅಂತ ಕೇಳಿದೆ. ‘ಆಮೇಲ್ ಕೊಡಿ. ಸಾರ್, ಇಲ್ಲಿರೋದು ಬೇರೆ ಕಂಪ್ನೀದು. ಇದೂ ಹಂಗೇ ನುಂಗತ್ತೆ, ಆದ್ರೆ ಇದು ಫಸ್ಟ್ ಟೈಮ್ ಅಲ್ಲ, ಚಾರ್ಜಿಗೆ ಹಾಕಿದ್ದಾಗ ಮಾತ್ರ. ಇದನ್ನೂ ಒಂಚೂರು ನೋಡಕ್ಕಾಗತ್ತಾ?’